ಚಳಿಗಾಲಕ್ಕೆ ಮುನ್ನ ಯಾವ ಕೆಲಸ ಮೊದಲು?

ನಮ್ಮ ಮಲೆನಾಡಿನಲ್ಲಿ ಮುಂಗಾರಿಗೆ ಮುನ್ನ ಹೆಂಚು ಸರಿಪಡಿಸುವುದು, ಸೌದೆ ಒಳಗಿಡುವುದು, ಚರಂಡಿ ಬಿಡಿಸುವುದು ವಾಡಿಕೆ. ಮಳೆ ಹಿಡಿದ ಮೇಲೆ ಈ ಕೆಲಸಗಳನ್ನು ಮಾಡಲಾಗದು ಎಂಬುದು ಎಲ್ಲರಿಗೂ ಗೊತ್ತು. ಉತ್ತರದ ಶೀತ ದೇಶಗಳಲ್ಲಿ ಇಂಥದೇ ಗಡುವನ್ನು ಚಳಿಗಾಲ ಹಾಕುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಮಳೆ ಎಲ್ಲ ಕೆಲಸಗಳಿಗೂ ಹೆಚ್ಚುಕಡಿಮೆ ಒಂದೇ ದಿನ ಬಾಗಿಲು ಮುಚ್ಚುತ್ತದೆ. ಚಳಿ ಹಾಗಲ್ಲ. ಅದು ಒಂದೊಂದು ಕೆಲಸಕ್ಕೂ ಒಂದೊಂದು ಉಷ್ಣತೆಯಲ್ಲಿ ಬಾಗಿಲು ಹಾಕುತ್ತದೆ. ಆದ್ದರಿಂದ ಯಾವ ಕೆಲಸವನ್ನು ಮೊದಲು ಮಾಡಬೇಕೆಂಬ ಪ್ರಶ್ನೆ ಅಲ್ಲಿ ಭೌತವಿಜ್ಞಾನದ ಪ್ರಶ್ನೆಯೂ ಹೌದು. ಈ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ಒಂದು ವರ್ಕ್‌ಶಾಪಿನ ಅಂಗಳದಲ್ಲಿ. ಅದೂ ನಾನೇ ತಪ್ಪು ಸಲಹೆ ಕೊಟ್ಟ ಮೇಲೆ.

ಒಂದು ಬಾಗಿಲಿನ ಕಥೆ

2013ರ ಆಗಸ್ಟ್‌ನಿಂದ ಹತ್ತು ತಿಂಗಳ ಕಾಲ ನಾನು ಅಮೆರಿಕದ ಮಿನ್ನೆಸೋಟ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸಂದರ್ಶಕ ಅಧ್ಯಾಪಕನಾಗಿದ್ದೆ. ರಾಜ್ಯದ ದಕ್ಷಿಣ ಭಾಗದ ಒಂದು ಪುಟ್ಟ ಊರಿನಲ್ಲಿ ಬಾಡಿಗೆ ಮನೆ. ಪಕ್ಕದಲ್ಲೇ ಒಂದು ವರ್ಕ್‌ಶಾಪ್. ಅದರ ಮಾಲೀಕರು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಮತ್ತು ಕೊಯ್ಲು ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದರು. ಚಳಿಗಾಲದಲ್ಲಿ ಸುತ್ತಲಿನ ತೋಟಗಳ ದಾರಿಯಿಂದ ಹಿಮ ತೆಗೆಯುವ ಗುತ್ತಿಗೆ ಅವರದು. ಎರಡು ಡೈರಿಗಳಿಗೆ ಹಾಲಿನ ಟ್ಯಾಂಕರ್ ಹೋಗುವ ದಾರಿಯೂ ಅದರಲ್ಲಿ ಸೇರಿತ್ತು.

ಅಕ್ಟೋಬರ್ ಮಧ್ಯದಲ್ಲಿ ಅವರ ಗೋಡೆಯ ಹಲಗೆಯ ಮೇಲೆ ಆರು ಕೆಲಸಗಳ ಪಟ್ಟಿ ಇತ್ತು. ಗಿರಾಕಿಯೊಬ್ಬರ ಜೋಳದ ಕೊಯ್ಲು ಯಂತ್ರದ ದುರಸ್ತಿ, ಟ್ರ್ಯಾಕ್ಟರುಗಳ ತಂಪುದ್ರವ ಮತ್ತು ಬ್ಯಾಟರಿಗಳ ತಪಾಸಣೆ, ವರ್ಕ್‌ಶಾಪಿನ ಹೀಟರ್ ಮತ್ತು ಹೊಗೆಕೊಳವೆಯ ಶುದ್ಧೀಕರಣ, ಹಿಮನೇಗಿಲು ಕಟ್ಟುವ ಟ್ರಕ್ಕಿನ ಹೈಡ್ರಾಲಿಕ್ ವ್ಯವಸ್ಥೆ, ಹಿಮ ತೂರುವ ಯಂತ್ರ, ಕೊನೆಯದಾಗಿ ಅಂಗಳ. ವರ್ಕ್‌ಶಾಪಿನ ಹೊರಕ್ಕೆ ತೆರೆಯುವ ಎರಡು ದೊಡ್ಡ ಮರದ ಬಾಗಿಲುಗಳ ಮುಂದೆ ಹಳೆಯ ಕಾಂಕ್ರೀಟ್ ಚಪ್ಪಡಿ ಇತ್ತು. ಅದು ಬಿರುಕು ಬಿಟ್ಟಿತ್ತು. ಮಾಡಿನಿಂದ ಸುರಿದ ನೀರು ಅದರ ಅಂಚಿನಲ್ಲೇ ಇಂಗುತ್ತಿತ್ತು. ಚಪ್ಪಡಿ ಒಡೆದು, ಅಡಿಯ ಮಣ್ಣನ್ನು ಅರವತ್ತು ಸೆಂ.ಮೀ. ಆಳದವರೆಗೆ ತೆಗೆದು, ಜಲ್ಲಿ ತುಂಬಿ, ಬಸಿಗೊಳವೆ ಇಟ್ಟು, ಹೊಸ ಚಪ್ಪಡಿ ಹಾಕುವುದು ಅವರ ಯೋಜನೆ.

ಹೊಟ್ಟೆಪಾಡು ಯಂತ್ರಗಳಿಂದ ತಾನೆ? ಆದ್ದರಿಂದ ಯಂತ್ರಗಳೆಲ್ಲ ಮೊದಲು, ಅಂಗಳ ಕೊನೆಗೆ ಎಂದು ಅವರು ನಿರ್ಧರಿಸಿದರು. ಅಂಗಳದ ಸರದಿ ಬರುವ ಹೊತ್ತಿಗೆ ನವೆಂಬರ್. ರಾತ್ರಿಯ ಚಳಿ ಸೊನ್ನೆಗಿಂತ ಕೆಳಗಿಳಿದಿತ್ತು. ‘ಇದನ್ನು ವಸಂತಕ್ಕೆ ಬಿಟ್ಟರೆ ನಡೆದೀತೆ? ಚಪ್ಪಡಿ ಉಬ್ಬಿ ಬಾಗಿಲಿಗೆ ತಾಗಿದರೆ?’ ಎಂದು ನನ್ನನ್ನು ಕೇಳಿದರು.

ನಾನು ಅಲ್ಲೇ ಲೆಕ್ಕ ಹಾಕಿದೆ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಒದ್ದೆ ಮಣ್ಣಿನಲ್ಲಿ ಮೂರನೇ ಒಂದು ಪಾಲು ನೀರು ಎಂದುಕೊಂಡರೆ ಮಣ್ಣು ಹಿಗ್ಗುವುದು ಶೇಕಡ 3ರಷ್ಟು. ನೆಲ ಒಂದು ಮೀಟರ್ ಆಳದವರೆಗೆ ಹೆಪ್ಪುಗಟ್ಟಿದರೂ ಉಬ್ಬು 3 ಸೆಂ.ಮೀ. ಮೀರದು. ಬಾಗಿಲಿನ ಅಡಿಯಲ್ಲಿ 4 ಸೆಂ.ಮೀ. ಸಂದು ಇತ್ತು. ‘ನಡೆಯುತ್ತದೆ’ ಎಂದೆ.

ಆ ವರ್ಷ ಚಳಿ ಬಿರುಸಾಗಿತ್ತು. 2014ರ ಜನವರಿ 6ರಂದು ಚಳಿಯ ಕಾರಣಕ್ಕೆ ರಾಜ್ಯದ ಗವರ್ನರ್ ಎಲ್ಲ ಸಾರ್ವಜನಿಕ ಶಾಲೆಗಳನ್ನು ಮುಚ್ಚಿಸಿದರು. ಅದೇ ವಾರ ಒಂದು ಬೆಳಿಗ್ಗೆ ಗಾಳಿ ಹೊತ್ತು ತಂದ ಹಿಮದಿಂದ ತೋಟದ ದಾರಿಗಳು ಮುಚ್ಚಿಹೋಗಿದ್ದವು. ಟ್ರಕ್ಕು ಮೊದಲ ತಿರುವಿಗೇ ಚಾಲೂ ಆಯಿತು. ಬಾಗಿಲು ಮಾತ್ರ ಒಂದು ಗೇಣು ತೆರೆದು ನಿಂತುಬಿಟ್ಟಿತು. ಚಪ್ಪಡಿ ಮೇಲೆದ್ದು ಬಾಗಿಲ ಕೆಳ ಅಂಚನ್ನು ಕಚ್ಚಿಕೊಂಡಿತ್ತು. ದುರಸ್ತಿಯಾದ ಯಂತ್ರಗಳೆಲ್ಲ ಒಳಗೆ, ತೆಗೆಯಬೇಕಾದ ಹಿಮವೆಲ್ಲ ಹೊರಗೆ! ಕೊನೆಗೆ ಗರಗಸ ಹಿಡಿದು ಎರಡು ಬಾಗಿಲುಗಳ ಅಡಿಯಿಂದಲೂ 8 ಸೆಂ.ಮೀ. ಕತ್ತರಿಸಿ ಹಾಕಬೇಕಾಯಿತು. ಹಾಲಿನ ಟ್ಯಾಂಕರ್ ಅರ್ಧ ದಿನ ತಡವಾಗಿ ಡೈರಿ ತಲಪಿತು. ಉಳಿದ ಚಳಿಗಾಲವಿಡೀ ಆ ಸಂದಿನಿಂದ ತಣ್ಣನೆಯ ಗಾಳಿ ವರ್ಕ್‌ಶಾಪಿನೊಳಗೆ ನುಗ್ಗುತ್ತಿತ್ತು.

ನನ್ನ ಲೆಕ್ಕ ಎಲ್ಲಿ ತಪ್ಪಿತು? ಅದಕ್ಕೆ ಮೊದಲು ಯಂತ್ರಗಳ ಕಡೆ ನೋಡೋಣ. ಯಂತ್ರಗಳ ವಿಷಯದಲ್ಲಿ ಮಾಲೀಕರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಯಂತ್ರಗಳ ಗಡುವು

ಮಿನ್ನೆಸೋಟದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ −51 ಡಿಗ್ರಿ ಸೆ. ಅದು 1996ರ ಫೆಬ್ರವರಿ 2ರಂದು ಟವರ್ ಎಂಬ ಊರಿನ ಬಳಿ ದಾಖಲಾಯಿತು. ಇಷ್ಟು ಚಳಿ ಅಪರೂಪ. ಆದರೂ −25, −30 ಡಿಗ್ರಿಗಳಿಗೆ ಯಂತ್ರ ಸಿದ್ಧವಿರಲೇಬೇಕು.

ಎಂಜಿನ್ನಿನ ತಂಪುದ್ರವವನ್ನು ಮೊದಲು ನೋಡಿ. ಶುದ್ಧ ನೀರಿದ್ದರೆ ಅದು ಹೆಪ್ಪುಗಟ್ಟಿ ಎರಕದ ಕಬ್ಬಿಣದ ಬ್ಲಾಕನ್ನೇ ಸೀಳುತ್ತದೆ. ಹಿಗ್ಗಲು ಜಾಗವೇ ಇಲ್ಲದಂತೆ ನೀರನ್ನು ಬಂಧಿಸಿ −22 ಡಿಗ್ರಿಗೆ ತಂದರೆ ಒತ್ತಡ ಸುಮಾರು 2,000 ವಾಯುಮಂಡಲಗಳಷ್ಟಾಗಬಲ್ಲದು. ಆದ್ದರಿಂದ ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ನೀರು 0 ಡಿಗ್ರಿಯಲ್ಲಿ, ಶುದ್ಧ ಗ್ಲೈಕಾಲ್ ಸುಮಾರು −13 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತವೆ. ಎರಡನ್ನೂ ಸಮ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣ ಸುಮಾರು −37 ಡಿಗ್ರಿಯವರೆಗೆ ದ್ರವವಾಗಿಯೇ ಉಳಿಯುತ್ತದೆ. ಒಂದರ ಅಣುಗಳು ಇನ್ನೊಂದರ ಅಣುಗಳು ಹರಳಾಗಿ ಜೋಡಿಸಿಕೊಳ್ಳಲು ಅಡ್ಡಿ ಮಾಡುತ್ತವೆ. ‘ಹೆಚ್ಚು ಹಾಕಿದಷ್ಟೂ ಒಳ್ಳೆಯದು’ ಎಂಬ ಮಾತು ಇಲ್ಲಿ ಸಲ್ಲದು.

ಬ್ಯಾಟರಿಯದು ಇನ್ನೊಂದು ಬಗೆ. ಸೀಸ–ಆಮ್ಲ ಬ್ಯಾಟರಿ ಪೂರ್ಣ ಚಾರ್ಜ್ ಆಗಿದ್ದಾಗ ಅದರ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.27. ಆಗ ಅದು −60 ಡಿಗ್ರಿಯ ಆಸುಪಾಸಿನವರೆಗೂ ಹೆಪ್ಪುಗಟ್ಟದು. ಚಾರ್ಜ್ ಇಳಿದಂತೆ ಆಮ್ಲದ ಸಲ್ಫೇಟ್ ಫಲಕಗಳಿಗೆ ಸೇರಿ, ಉಳಿದ ದ್ರವ ನೀರಿಗೆ ಹತ್ತಿರವಾಗುತ್ತದೆ. ಪೂರ್ತಿ ಬಸಿದ ಬ್ಯಾಟರಿ ಸುಮಾರು −10 ಡಿಗ್ರಿಯಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ಅಂದರೆ ಬ್ಯಾಟರಿಯನ್ನು ಚಳಿಯಿಂದ ಕಾಪಾಡುವುದು ಕಂಬಳಿಯಲ್ಲ, ಚಾರ್ಜು. ಜೊತೆಗೆ ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನವಾಗಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಎಣ್ಣೆಯ ಸ್ನಿಗ್ಧತೆ ಹೆಚ್ಚಿ ಎಂಜಿನ್ ತಿರುಗಿಸಲು ಬೇಕಾದ ಬಲ ಏರುತ್ತದೆ. ಕೊಡುವವನು ಬಡವಾದಾಗಲೇ ಕೇಳುವವನು ದುಬಾರಿಯಾದಂತೆ! ಎಣ್ಣೆಯ ಡಬ್ಬದ ಮೇಲಿನ 15ಡಬ್ಲ್ಯು, 5ಡಬ್ಲ್ಯು ಎಂಬ ಬರಹದಲ್ಲಿರುವ ‘ಡಬ್ಲ್ಯು’ ವಿಂಟರ್ ಎಂಬುದರ ಮೊದಲಕ್ಷರ. ಎಂಜಿನ್ ತಿರುಗಿಸಲು ತಡೆಯೊಡ್ಡುವ ಸ್ನಿಗ್ಧತೆಯನ್ನು 15ಡಬ್ಲ್ಯು ಎಣ್ಣೆಯಲ್ಲಿ −20 ಡಿಗ್ರಿಯಲ್ಲಿ, 5ಡಬ್ಲ್ಯು ಎಣ್ಣೆಯಲ್ಲಿ −30 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ.

ಡೀಸೆಲ್‌ನಲ್ಲಿ ಮೇಣದಂಥ ಪ್ಯಾರಾಫಿನ್ ಕರಗಿರುತ್ತದೆ. ಉಷ್ಣತೆ ಇಳಿದಂತೆ ಅದು ಹರಳಾಗಿ ಡೀಸೆಲ್ ಮೋಡಗಟ್ಟುತ್ತದೆ, ಶೋಧಕ ಕಟ್ಟಿಕೊಳ್ಳುತ್ತದೆ. ಇದನ್ನು ತಡೆಯುವ ರಾಸಾಯನಿಕಗಳಿವೆ. ಆದರೆ ಅವನ್ನು ಡೀಸೆಲ್ ಮೋಡಗಟ್ಟುವ ಮೊದಲೇ ಬೆರೆಸಬೇಕು. ಹರಳಾದ ಮೇಣವನ್ನು ಅವು ಮತ್ತೆ ಕರಗಿಸಲಾರವು. ನಮ್ಮ ಲಡಾಖ್‌ನಲ್ಲೂ ಇದೇ ತೊಂದರೆ ಇತ್ತು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಅಲ್ಲಿಗಾಗಿ −33 ಡಿಗ್ರಿಯವರೆಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು.

ಟಯರುಗಳನ್ನೂ ಮರೆಯುವಂತಿಲ್ಲ. 20 ಡಿಗ್ರಿಯಲ್ಲಿ 32 ಪೌಂಡ್ ಒತ್ತಡಕ್ಕೆ ತುಂಬಿದ ಟಯರನ್ನು −20 ಡಿಗ್ರಿಗೆ ತನ್ನಿ. ನಿರಪೇಕ್ಷ ಉಷ್ಣತೆ 293ರಿಂದ 253ಕ್ಕೆ ಇಳಿಯುತ್ತದೆ. ವಾಯುಮಂಡಲದ ಒತ್ತಡವನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾಪಕ ತೋರಿಸುವುದು 26 ಪೌಂಡ್‌ಗೂ ಕಡಿಮೆ. ಟಯರಿನಲ್ಲಿ ತೂತಿಲ್ಲ, ಅದು ಅನಿಲ ನಿಯಮವನ್ನು ಪಾಲಿಸಿದೆ ಅಷ್ಟೆ.

ಇನ್ನು ಹೀಟರ್. ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟು ಎಂಜಿನ್ ಓಡಿಸುವ ವರ್ಕ್‌ಶಾಪು ಚಳಿಗಾಲದಲ್ಲಿ ಮುಚ್ಚಿದ ಪೆಟ್ಟಿಗೆಯಾಗುತ್ತದೆ. ಹೊಗೆಕೊಳವೆ ಕಟ್ಟಿಕೊಂಡಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ಉಳಿಯುತ್ತದೆ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪಟ್ಟಿಯಲ್ಲಿ ಇದು ಒಂದೇ ದಿನದ ಕೆಲಸ. ಆದರೆ ಬಾಗಿಲು ಮುಚ್ಚುವ ದಿನಕ್ಕೆ ಮುನ್ನ ಆಗಲೇಬೇಕಾದದ್ದು.

ಇವೆಲ್ಲವುಗಳಲ್ಲಿ ಸಾಮಾನ್ಯವಾದ ಒಂದಂಶವನ್ನು ಗಮನಿಸಿ. ಹೆಪ್ಪುಗಟ್ಟುವ ಮೊದಲು ತಡೆ ಸುಲಭ, ಆಮೇಲೆ ಅಸಾಧ್ಯ ಅಥವಾ ದುಬಾರಿ. ಆದರೂ ಹೀಟರ್ ಇರುವ ವರ್ಕ್‌ಶಾಪಿನೊಳಕ್ಕೆ ಯಂತ್ರವನ್ನು ತಂದರೆ ಡಿಸೆಂಬರಿನಲ್ಲೂ ಅದರ ದುರಸ್ತಿ ಸಾಧ್ಯ. ಅಂಗಳವನ್ನು ಒಳಗೆ ತರಲಾದೀತೆ?

ನೆಲ ಏಕೆ ಉಬ್ಬುತ್ತದೆ?

ಹೆಪ್ಪುಗಟ್ಟಿದ ನೆಲ ಮೇಲೇಳುವುದನ್ನು ಇಂಗ್ಲಿಷಿನಲ್ಲಿ ಫ್ರಾಸ್ಟ್ ಹೀವ್ ಎನ್ನುತ್ತಾರೆ. ನಾವು ‘ಹೆಪ್ಪುಬ್ಬು’ ಎನ್ನೋಣ. ನೀರು ಹಿಗ್ಗುವುದೇ ಇದಕ್ಕೆ ಕಾರಣ ಎಂದು ಬಹುಕಾಲ ತಿಳಿಯಲಾಗಿತ್ತು. ನಾನು ತಿಳಿದದ್ದೂ ಅದೇ. ಈ ತಿಳಿವಳಿಕೆ ಸಾಲದೆಂದು ದಕ್ಷಿಣ ಕೆರೋಲಿನ ವಿಶ್ವವಿದ್ಯಾಲಯದ ಭೂವಿಜ್ಞಾನಿ ಸ್ಟೀಫನ್ ಟೇಬರ್ 1929 ಮತ್ತು 1930ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ತೋರಿಸಿದ್ದರು. ಅವರ ಒಂದು ಪ್ರಯೋಗ ಬಹು ಸರಳ. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಮೇಲಿನಿಂದ ತಂಪುಗೊಳಿಸಿದರು. ಬೆಂಜೀನ್ ಹೆಪ್ಪುಗಟ್ಟುವಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು!

ಹಾಗಾದರೆ ಉಬ್ಬಿಸಿದ್ದು ಏನು? ಹೆಪ್ಪುಗಟ್ಟುತ್ತಿರುವ ಪದರ ಕೆಳಗಿನ ಹೆಪ್ಪುಗಟ್ಟದ ಮಣ್ಣಿನಿಂದ ದ್ರವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮಣ್ಣಿನ ಕಣಗಳ ಮೈಗೆ ಅಂಟಿದ ಅತಿ ತೆಳುವಾದ ನೀರಿನ ಪೊರೆ 0 ಡಿಗ್ರಿಗಿಂತ ಸ್ವಲ್ಪ ಕೆಳಗೂ ದ್ರವವಾಗಿಯೇ ಇರುತ್ತದೆ. ಈ ಪೊರೆಯ ಮೂಲಕ ನೀರು ಬೆಚ್ಚನೆಯ ಕಡೆಯಿಂದ ತಣ್ಣನೆಯ ಕಡೆಗೆ ಹರಿದು, ಅಲ್ಲಿ ಹೆಪ್ಪುಗಟ್ಟಿ, ಶುದ್ಧ ಹಿಮದ ತಟ್ಟೆಯಾಗಿ ಬೆಳೆಯುತ್ತದೆ. ಇದನ್ನು ಹಿಮಮಸೂರ ಎನ್ನುತ್ತಾರೆ. ಒಂದು ಸೆಂ.ಮೀ. ದಪ್ಪದ ಮಸೂರ ಬೆಳೆದರೆ ನೆಲ ಒಂದು ಸೆಂ.ಮೀ. ಏಳುತ್ತದೆ. ಕೆಳಗಿನಿಂದ ನೀರು ಬರುತ್ತಿರುವಷ್ಟು ಕಾಲ, ಚಳಿ ಇರುವಷ್ಟು ಕಾಲ, ಮಸೂರಗಳು ಒಂದರ ಕೆಳಗೊಂದು ಹುಟ್ಟುತ್ತಲೇ ಇರುತ್ತವೆ. ನಾನು ಮಣ್ಣಿನಲ್ಲಿ ಆಗಲೇ ಇದ್ದ ನೀರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಬಂದು ಸೇರುವ ನೀರನ್ನು ಮರೆತಿದ್ದೆ.

ಭಾರದ ಚಪ್ಪಡಿ ಇದನ್ನು ಅದುಮಿ ಹಿಡಿಯಲಾರದೇ? ಉಷ್ಣಗತಿವಿಜ್ಞಾನದ ಪ್ರಕಾರ 0 ಡಿಗ್ರಿಗಿಂತ ಕೆಳಗಿನ ಪ್ರತಿ ಒಂದು ಡಿಗ್ರಿಗೆ ಈ ಹಿಮ ಗರಿಷ್ಠ ಸುಮಾರು 11 ವಾಯುಮಂಡಲಗಳ ಒತ್ತಡ ಹಾಕಬಲ್ಲದು. ಅಂದರೆ ಚದರ ಮೀಟರಿಗೆ 110 ಟನ್ನಿಗೂ ಮಿಕ್ಕಿ. 15 ಸೆಂ.ಮೀ. ದಪ್ಪದ ಕಾಂಕ್ರೀಟ್ ಚಪ್ಪಡಿಯ ಭಾರ ಚದರ ಮೀಟರಿಗೆ ಅರ್ಧ ಟನ್ನೂ ಇಲ್ಲ.

ಎಲ್ಲ ಮಣ್ಣೂ ಹೀಗೆ ಉಬ್ಬದು. ಜಲ್ಲಿಯ ಕಣಗಳ ನಡುವಿನ ಸಂದುಗಳು ದೊಡ್ಡವು. ಅವುಗಳಲ್ಲಿ ಲೋಮನಾಳ ಕ್ರಿಯೆಯಿಂದ ನೀರು ಮೇಲೇರದು. ಜೇಡಿಯಲ್ಲಿ ಸಂದುಗಳು ಅತಿ ಕಿರಿದು. ನೀರನ್ನು ಬಲವಾಗಿ ಎಳೆದರೂ ಅದು ಹರಿಯುವುದು ಬಲು ನಿಧಾನ. ಇವೆರಡರ ನಡುವಣ ಹೂಳುಮಣ್ಣು ಅತಿ ಅಪಾಯಕಾರಿ. ಅದರಲ್ಲಿ ಎಳೆತವೂ ಸಾಕಷ್ಟು, ಹರಿವೂ ಸಾಕಷ್ಟು. 0.01 ಮಿ.ಮೀ. ತ್ರಿಜ್ಯದ ನಾಳದಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರುತ್ತದೆ ಎಂಬುದನ್ನು ಪದವಿ ತರಗತಿಯ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ವರ್ಕ್‌ಶಾಪಿನ ಅಂಗಳದಲ್ಲಿದ್ದದ್ದು ಹೂಳುಮಣ್ಣೇ.

ಹೆಪ್ಪು ಎಷ್ಟು ಆಳಕ್ಕೆ ಇಳಿಯುತ್ತದೆ? ಧ್ರುವ ಸಾಗರಗಳ ಹಿಮದ ದಪ್ಪವನ್ನು ವಿವರಿಸಲು ಜೋಸೆಫ್ ಸ್ಟೆಫಾನ್ 19ನೇ ಶತಮಾನದ ಕೊನೆಯಲ್ಲಿ ಕೊಟ್ಟ ಸೂತ್ರ ಇಲ್ಲೂ ನೆರವಾಗುತ್ತದೆ. ಆಳವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಕೆಳಗಿನ ನೀರು ಹೆಪ್ಪುಗಟ್ಟುವಾಗ ಬಿಡುವ ಗುಪ್ತೋಷ್ಣ ಮೇಲಿನ ಹೆಪ್ಪುಗಟ್ಟಿದ ಪದರವನ್ನು ದಾಟಿ ಹೊರಹೋಗಬೇಕು. ಪದರ ದಪ್ಪವಾದಂತೆ ಈ ದಾರಿ ಉದ್ದವಾಗುತ್ತದೆ. ಆದ್ದರಿಂದ ಎರಡರಷ್ಟು ಆಳಕ್ಕೆ ನಾಲ್ಕರಷ್ಟು ಕಾಲ. ಮಿನ್ನೆಸೋಟದ ಕಟ್ಟಡ ನಿಯಮಗಳಂತೆ ಅಡಿಪಾಯವು ದಕ್ಷಿಣದಲ್ಲಿ 42 ಅಂಗುಲ, ಉತ್ತರದಲ್ಲಿ 60 ಅಂಗುಲ ಆಳಕ್ಕಾದರೂ ಇಳಿಯಬೇಕು. ವರ್ಕ್‌ಶಾಪಿನ ಗೋಡೆಗಳ ಅಡಿಪಾಯ ಅಷ್ಟು ಆಳವಿತ್ತು. ಆದ್ದರಿಂದ ಬಾಗಿಲು ಇದ್ದಲ್ಲೇ ಇತ್ತು. ನೆಲದ ಮೇಲೆ ಸುಮ್ಮನೆ ಕುಳಿತಿದ್ದ ಚಪ್ಪಡಿ ಮಾತ್ರ ಎದ್ದಿತು.

ಇನ್ನೂ ಒಂದು ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ. ಗಾಳಿಯನ್ನು ಹಿಡಿದಿಟ್ಟುಕೊಂಡ ಹಗುರ ಹಿಮ ಒಳ್ಳೆಯ ಕಂಬಳಿ. ಅದರ ಅಡಿಯ ನೆಲ ಅಷ್ಟಾಗಿ ತಣಿಯದು. ಆದರೆ ಬಾಗಿಲ ಮುಂದಿನ ಹಿಮವನ್ನು ಮಾಲೀಕರು ದಿನವೂ ಗುಡಿಸುತ್ತಿದ್ದರು. ಇಡೀ ಅಂಗಳದಲ್ಲಿ ಹೊದಿಕೆಯಿಲ್ಲದೆ ಮಲಗಿದ್ದದ್ದು ಆ ಚಪ್ಪಡಿ ಒಂದೇ.

ಹೆಪ್ಪುಬ್ಬಿಗೆ ಮೂರು ಬೇಕು: ಚಳಿ, ನೀರು ಮತ್ತು ನೀರೆಳೆಯುವ ಮಣ್ಣು. ಒಂದನ್ನು ತಪ್ಪಿಸಿದರೂ ಸಾಕು. ಚಳಿಯನ್ನು ತಪ್ಪಿಸಲಾಗದು. ಮಾಡಿಗೆ ದೋಣಿ ಕಟ್ಟಿ ನೀರನ್ನು ದೂರ ಸಾಗಿಸುವುದು, ಬಸಿಗೊಳವೆ ಇಡುವುದು, ಹೂಳಿನ ಬದಲು ಜಲ್ಲಿ ತುಂಬುವುದು – ಇವು ಉಳಿದೆರಡನ್ನು ತಪ್ಪಿಸುವ ಉಪಾಯಗಳು. ಅಂಗಳದ ‘ಅಂದಗಾರಿಕೆ’ ಎಂದು ತೋರುವ ಈ ಕೆಲಸ ನಿಜಕ್ಕೂ ಬಾಗಿಲಿನ ದುರಸ್ತಿಯೇ.

ಕಾಂಕ್ರೀಟಿಗೂ ಗಡುವಿದೆ

ಅಂಗಳದ ಕೆಲಸ ನವೆಂಬರಿನಲ್ಲಿ ಏಕೆ ಕೈತಪ್ಪಿತು? ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡುವುದರಿಂದ. ಚಳಿಯಲ್ಲಿ ಈ ಕ್ರಿಯೆ ನಿಧಾನ. ಅಷ್ಟರಲ್ಲಿ ನೀರೇ ಹೆಪ್ಪುಗಟ್ಟಿದರೆ ಹರಳುಗಳು ಹಸಿ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತವೆ. ಅಂತಹ ಕಾಂಕ್ರೀಟು ಆಮೇಲೆ ಎಷ್ಟೇ ಆರೈಕೆ ಮಾಡಿದರೂ ತನ್ನ ಪೂರ್ಣ ಬಲ ಪಡೆಯದು. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಮಾರ್ಗದರ್ಶಿ 4 ಡಿಗ್ರಿಗಿಂತ ಕೆಳಗಿನ ಹವೆಯನ್ನು ‘ಶೀತ ಹವೆ’ ಎಂದು ಕರೆದು ವಿಶೇಷ ಎಚ್ಚರಿಕೆ ಹೇಳುತ್ತದೆ. ಚದರ ಅಂಗುಲಕ್ಕೆ 500 ಪೌಂಡ್, ಅಂದರೆ 3.5 ಮೆಗಾಪಾಸ್ಕಲ್ ಬಲ ಬರುವವರೆಗೆ ಕಾಂಕ್ರೀಟು ಹೆಪ್ಪುಗಟ್ಟದಂತೆ ಕಾಯಬೇಕು ಎಂಬುದು ರೂಢಿಯ ನಿಯಮ. ಬಿಸಿನೀರು, ಹೊದಿಕೆ, ಗುಡಾರ, ಹೀಟರುಗಳಿಂದ ಚಳಿಯಲ್ಲೂ ಕಾಂಕ್ರೀಟ್ ಹಾಕಬಹುದು. ಆದರೆ ಒಂದು ಪುಟ್ಟ ವರ್ಕ್‌ಶಾಪಿಗೆ ಆ ಖರ್ಚು ಹೊರೆ. ಹೆಪ್ಪುಗಟ್ಟಿದ ಮಣ್ಣನ್ನು ಅಗೆಯುವುದಂತೂ ಇನ್ನೂ ಕಷ್ಟ.

ಕ್ರಮದ ಗಣಿತ

ಈಗ ಹಲಗೆಯ ಪಟ್ಟಿಗೆ ಮರಳೋಣ. ಪ್ರತಿ ಕೆಲಸಕ್ಕೂ ಎರಡು ಸಂಖ್ಯೆ ಬೇಕು: ಎಷ್ಟು ದಿನ ಹಿಡಿಯುತ್ತದೆ, ಎಷ್ಟನೇ ದಿನದೊಳಗೆ ಮುಗಿಯಬೇಕು. ಲೆಕ್ಕದ ಅನುಕೂಲಕ್ಕಾಗಿ ಸರಳಗೊಳಿಸಿ ಬರೆದರೆ ಹೀಗಾಗುತ್ತದೆ.

ಕೊಯ್ಲು ಯಂತ್ರ: 3 ದಿನ, ಗಡುವು 5ನೇ ದಿನ.
ತಂಪುದ್ರವ ಮತ್ತು ಬ್ಯಾಟರಿ: 2 ದಿನ, ಗಡುವು 8ನೇ ದಿನ.
ಅಂಗಳ: 6 ದಿನ, ಗಡುವು 12ನೇ ದಿನ.
ಹೀಟರ್: 1 ದಿನ, ಗಡುವು 16ನೇ ದಿನ.
ಟ್ರಕ್ಕು: 4 ದಿನ, ಗಡುವು 20ನೇ ದಿನ.
ಹಿಮ ತೂರುವ ಯಂತ್ರ: 3 ದಿನ, ಗಡುವು 22ನೇ ದಿನ.

ಒಟ್ಟು 19 ದಿನಗಳ ಕೆಲಸ. ಯಂತ್ರಗಳೇ ಮೊದಲು ಎಂಬ ಕ್ರಮದಲ್ಲಿ ಕೊಯ್ಲು ಯಂತ್ರ 3ನೇ ದಿನ, ತಂಪುದ್ರವ 5, ಟ್ರಕ್ಕು 9, ಹಿಮ ತೂರುವ ಯಂತ್ರ 12, ಹೀಟರ್ 13, ಅಂಗಳ 19ನೇ ದಿನ ಮುಗಿಯುತ್ತವೆ. ಐದು ಕೆಲಸ ಸಕಾಲಕ್ಕೆ, ಅಂಗಳ ಮಾತ್ರ 7 ದಿನ ತಡ. ಈಗ ಮೇಲಿನ ಪಟ್ಟಿಯ ಕ್ರಮದಲ್ಲೇ, ಅಂದರೆ ಗಡುವು ಹತ್ತಿರವಿದ್ದದ್ದು ಮೊದಲು ಎಂಬಂತೆ ಮಾಡಿ. ಮುಗಿಯುವ ದಿನಗಳು 3, 5, 11, 12, 16, 19. ಎಲ್ಲವೂ ಸಕಾಲಕ್ಕೆ! ದುಡಿದ ದಿನಗಳೂ ಅಷ್ಟೇ, ದುಡಿದವರೂ ಅವರೇ. ಬದಲಾದದ್ದು ಕ್ರಮ ಮಾತ್ರ.

ಇದು ಆಕಸ್ಮಿಕವಲ್ಲ. ಒಬ್ಬರೇ ಒಂದಾದ ಮೇಲೊಂದು ಕೆಲಸ ಮಾಡುವಾಗ, ಅತಿ ಹೆಚ್ಚು ತಡವಾದ ಕೆಲಸದ ತಡವನ್ನು ಕನಿಷ್ಠಗೊಳಿಸಲು ಗಡುವಿನ ಕ್ರಮವೇ ಉತ್ತಮ ಎಂದು ಜೆ.ಆರ್. ಜಾಕ್ಸನ್ 1955ರಲ್ಲಿ ತೋರಿಸಿದರು. ಸಾಧನೆ ಸುಲಭ. ಪಕ್ಕಪಕ್ಕದ ಎರಡು ಕೆಲಸಗಳಲ್ಲಿ ದೂರದ ಗಡುವಿನದು ಮೊದಲು ಇದೆ ಎನ್ನೋಣ. ಅವನ್ನು ಅದಲುಬದಲು ಮಾಡಿ. ಎರಡೂ ಮುಗಿಯುವ ಕೊನೆಯ ದಿನ ಬದಲಾಗದು. ಆದರೆ ಆ ದಿನ ಮುಗಿಯುವ ಕೆಲಸಕ್ಕೆ ಈಗ ಗಡುವು ದೂರದ್ದು. ಆದ್ದರಿಂದ ಅತಿ ಹೆಚ್ಚಿನ ತಡ ಏರಲಾರದು. ಹೀಗೆ ಅದಲುಬದಲು ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಗಡುವಿನ ಕ್ರಮ.

ಎಲ್ಲವನ್ನೂ ಸಕಾಲಕ್ಕೆ ಮುಗಿಸಲಾಗದಿದ್ದರೆ? ತಡವಾದ ಕೆಲಸಗಳ ಸಂಖ್ಯೆ ಕನಿಷ್ಠವಾಗಿರಬೇಕೆಂದರೆ, ಗಡುವಿನ ಕ್ರಮದಲ್ಲಿ ಹೋಗುತ್ತ ಮೊದಲ ತಡ ಕಂಡಾಗ ಅಲ್ಲಿಯವರೆಗಿನ ಅತಿ ದೀರ್ಘ ಕೆಲಸವನ್ನು ಬದಿಗಿಡಿ ಎನ್ನುತ್ತದೆ 1968ರಲ್ಲಿ ಜೆ.ಎಂ. ಮೂರ್ ಕೊಟ್ಟ ನಿಯಮ. ನಮ್ಮ ಪಟ್ಟಿಯಲ್ಲಿ ಹಾಗೆ ಬದಿಗೆ ಹೋಗುವುದು ಅಂಗಳವೇ. ಆದರೆ ಈ ನಿಯಮ ತಡವಾದ ಕೆಲಸಗಳನ್ನು ಎಣಿಸುತ್ತದೆ, ತಡದ ಪರಿಣಾಮವನ್ನು ತೂಗುವುದಿಲ್ಲ. ಹಿಮ ತೂರುವ ಯಂತ್ರ ಒಂದು ವಾರ ತಡವಾದರೆ ನಷ್ಟ ಒಂದು ವಾರದ್ದು. ಅಂಗಳ ಒಂದು ವಾರ ತಡವಾದರೆ ಅದು ಮುಂದಿನ ವಸಂತದವರೆಗೆ ತಡವಾದಂತೆ. ನೆಲ ಒಮ್ಮೆ ಹೆಪ್ಪುಗಟ್ಟಿದರೆ ಕರಗುವವರೆಗೆ ಕಾಯದೆ ಗತಿಯಿಲ್ಲ.

ಕೊನೆಗೆ ಆದದ್ದು

ಏಪ್ರಿಲ್‌ನಲ್ಲಿ ನೆಲ ಕರಗಿತು. ಕರಗುವಾಗ ಇನ್ನೊಂದು ತಮಾಷೆ ಕಂಡಿತು. ಹಿಮಮಸೂರಗಳು ಮೇಲಿನಿಂದ ಕರಗಿದವು. ಕೆಳಗಿನ ನೆಲ ಇನ್ನೂ ಹೆಪ್ಪಾಗಿದ್ದರಿಂದ ನೀರಿಗೆ ಇಂಗಲು ದಾರಿಯಿರಲಿಲ್ಲ. ಅಂಗಳ ಗದ್ದೆಯಂತಾಯಿತು, ಚಪ್ಪಡಿ ಮೂರು ತುಂಡಾಗಿ ಕುಸಿಯಿತು. ನಾನು ಮಾಲೀಕರ ಬಳಿ ಹೋಗಿ ನನ್ನ ಲೆಕ್ಕದ ತಪ್ಪನ್ನು ಒಪ್ಪಿಕೊಂಡು, ಟೇಬರರ ಬೆಂಜೀನ್ ಪ್ರಯೋಗವನ್ನು ವಿವರಿಸಿದೆ. ಅವರು ನಕ್ಕು, ‘ನಿಮ್ಮ ಶೇಕಡ 9 ಸರಿಯೇ ಇತ್ತು. ನೀರು ಎಲ್ಲಿಂದ ಬರುತ್ತದೆ ಎಂದು ನಾವಿಬ್ಬರೂ ಕೇಳಲಿಲ್ಲ’ ಎಂದರು. ಭೌತವಿಜ್ಞಾನದ ಅಧ್ಯಾಪಕನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಪುಸ್ತಕದ ಸಂಖ್ಯೆ ಸರಿಯಿದ್ದರೂ ವ್ಯವಸ್ಥೆಯ ಗಡಿಯನ್ನು ತಪ್ಪಾಗಿ ಎಳೆದರೆ ಉತ್ತರ ತಪ್ಪುತ್ತದೆ.

ನಾನು ಊರಿಗೆ ಮರಳಿದ ಮೇಲೆ ಸೆಪ್ಟೆಂಬರಿನಲ್ಲಿ ಅವರಿಂದ ಒಂದು ಚಿತ್ರ ಬಂತು. ಹೊಸ ಚಪ್ಪಡಿ, ಅದರ ಅಂಚಿನಲ್ಲಿ ಜಲ್ಲಿ, ಮಾಡಿಗೆ ದೋಣಿ, ಬಾಗಿಲಿನ ಅಡಿಗೆ ಹೊಡೆದ ರಬ್ಬರ್ ಪಟ್ಟಿ. ಗೋಡೆಯ ಹಲಗೆಯೂ ಚಿತ್ರದಲ್ಲಿತ್ತು. ಪ್ರತಿ ಕೆಲಸದ ಮುಂದೆ ದಿನಾಂಕದ ಬದಲು ಒಂದು ಉಷ್ಣತೆಯನ್ನು ಬರೆದಿದ್ದರು.

ನಮ್ಮಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ. ಆದರೆ ಮುಂಗಾರಿಗೆ ಮುನ್ನ ಪಂಪಿನ ದುರಸ್ತಿಯೋ ಚರಂಡಿಯೋ, ಟ್ರ್ಯಾಕ್ಟರೋ ಕೊಟ್ಟಿಗೆಯ ಮಾಡೋ ಎಂಬ ಗೊಂದಲ ನಮಗೂ ಹೊಸದಲ್ಲ. ಆಗ ಯಾವ ಕೆಲಸ ದೊಡ್ಡದು, ಯಾವುದು ಹಣ ತರುತ್ತದೆ ಎಂದು ಕೇಳುವ ಮೊದಲು, ಯಾವ ಕೆಲಸವನ್ನು ಆಮೇಲೆ ಮಾಡಲಾಗದು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಪಂಪನ್ನು ಮಳೆಯಲ್ಲೂ ಮಾಡಿನಡಿ ಬಿಚ್ಚಿ ಕೂರಬಹುದು. ಆದರೆ ಆ ಮಾಡು ಸೋರಬಾರದಷ್ಟೆ.